ಬೇವಿನ ಮರದ ಕೆಳಗಿನ ಸಾಲು

ನಮ್ಮೂರಲ್ಲಿ ಸೇದಿದ ಹೊಗೆ ಗಾಳಿಗೆ ಹೋಗುವುದಿಲ್ಲ. ಸೇದಿದವರ ಬೆನ್ನ ಹಿಂದೆಯೇ ನಿಂತು ದಿನದಿನಕ್ಕೆ ಬೆಳೆಯುತ್ತದೆ. ನನ್ನ ಹತ್ತನೇ ಕ್ಲಾಸಿನ ಹುಡುಗರಿಗೆ ಅದೇ ಒಂದು ಜಂಬ. ಯಾರದು ಮೊಣಕಾಲಿಗೆ ಬಂತು, ಯಾರದು ಸೊಂಟ ಮುಟ್ಟಿತು ಎಂದು ಸ್ಕೇಲು ಹಿಡಿದು ಅಳೆಯುತ್ತಾರೆ. ಬೈದು ಬೈದು ನನಗೂ ಸಾಕಾಗಿತ್ತು. ಕೊನೆಗೆ, "ಚಪ್ಪಲಿ ಬಿಟ್ಟ ಹಾಗೆ ಅದನ್ನೂ ಹೊರಗೆ ಬಿಟ್ಟು ಬನ್ನಿ" ಎಂದೆ. ಅಂದಿನಿಂದ ಪಾಠ ಮುಗಿಯುವವರೆಗೂ ಹೊಗೆಗಳು ಬೇವಿನ ಮರದ ಕೆಳಗೆ ಸಾಲಾಗಿ ಕಾಯುತ್ತವೆ. ಸೃಜನನದು ಮಾತ್ರ ಅವನಷ್ಟೇ ಎತ್ತರಕ್ಕೆ ಬೆಳೆದಿತ್ತು.

ಇವತ್ತು ಹಾಜರಿ ಕರೆಯುತ್ತಿದ್ದೆ. "ಸೃಜನ್."

"ಎಸ್ ಮಿಸ್."

ದನಿ ಸ್ವಲ್ಪ ಒಡೆದಂತಿತ್ತು. ತಲೆ ಎತ್ತಿ ನೋಡಿದೆ. ಅದೇ ಮುಖ, ಅದೇ ಕ್ರಾಪು. ಆದರೆ ಅವನ ಎದೆಯೊಳಗಿಂದ ಹಿಂದಿನ ಬೆಂಚು ಕಾಣುತ್ತಿತ್ತು.

"ಸೃಜನ್ ಎಲ್ಲಿ?" ಎಂದೆ.

ಅದು ಕಿಟಕಿಯತ್ತ ತಿರುಗಿತು. ಬೇವಿನ ಮರದ ಕೆಳಗೆ, ಹೊಗೆಗಳ ಸಾಲಿನ ಕೊನೆಯಲ್ಲಿ, ಸೃಜನ್ ಬ್ಯಾಗು ಹೊತ್ತು ಅಲುಗಾಡದೆ ನಿಂತಿದ್ದ.

"ನೀವೇ ಹೇಳಿದ್ದಲ್ವಾ ಮಿಸ್, ಹೊರಗೆ ಬಿಟ್ಟು ಬನ್ನಿ ಅಂತ," ಎಂದಿತು ಅದು. "ಬಿಟ್ಟು ಬಂದಿದೀನಿ."