ಎರಡನೆಯ ವಿದ್ಯೆ

ಆನ್‌ಲೈನ್ ಆಟದಲ್ಲಿ ತೀರ್ಥೇಶ ಯೋಧ, ಅವನ ಹೆಂಡತಿ ವಿನುತಾ ವೈದ್ಯೆ. ಅವನು ಗಾಯಗೊಂಡು ಕೂಗಿದಾಗಲೆಲ್ಲ ಓಡಿಬಂದು ಮದ್ದು ಹಚ್ಚುವುದೇ ಅವಳ ಕೆಲಸ. ಇವತ್ತು ಅವಳ ಪಾತ್ರಕ್ಕೆ ಇನ್ನೊಂದು ವಿದ್ಯೆ ಸೇರಿಸಿಕೊಳ್ಳುವ ಅವಕಾಶ ಬಂದಿತ್ತು. ಅಡುಗೆ ತಗೋ ಎಂದು ತೀರ್ಥೇಶ ಹೇಳಿದ್ದ. ಅವಳು ಹೆಣ ಎಬ್ಬಿಸುವ ಮಾಟವನ್ನು ಆರಿಸಿಕೊಂಡಳು.

"ಥೂ! ಮದ್ದು ಹಚ್ಚೋ ಕೈಯಲ್ಲಿ ಕೊಳೆತ ಹೆಣ ಮುಟ್ತೀಯಾ? ಯಾರಾದ್ರೂ ಇವೆರಡನ್ನ ಸೇರಿಸ್ತಾರೇನೇ? ಅಸಹ್ಯ!"

"ಎಬ್ಬಿಸಿದ ಹೆಣ ಹೇಳಿದ ಮಾತು ಕೇಳುತ್ತಂತೆ ರೀ," ಎಂದಳು ವಿನುತಾ, ಸೋಫಾದ ಆ ತುದಿಯಲ್ಲಿ ಫೋನಿನಿಂದ ಕಣ್ಣೆತ್ತದೆ.

ಅಷ್ಟರಲ್ಲಿ ರಾಕ್ಷಸನೊಬ್ಬ ಇವನ ಯೋಧನ ಹೊಟ್ಟೆ ಬಗೆದ.

"ಏಯ್, ಮದ್ದು! ಬೇಗ ಮದ್ದು ಹಾಕೇ!" ಎಂದು ತೀರ್ಥೇಶ ಅರಚಿದ. ಪಕ್ಕದಲ್ಲೇ ನಿಂತಿದ್ದ ವೈದ್ಯೆ ಅಲ್ಲಾಡಲಿಲ್ಲ. ಯೋಧ ಸತ್ತುಬಿದ್ದ.

ವಿನುತಾ ಮಾಟ ಹಾಕಿದಳು. ಮರುಕ್ಷಣವೇ ಆ ಹೆಣ ಎದ್ದು ನಿಂತಿತು. ದವಡೆ ಜೋತುಬಿದ್ದಿತ್ತು, ಕಣ್ಣಗುಳಿಯಲ್ಲಿ ಹುಳಗಳು ಪಿತಪಿತನೆ ಹರಿಯುತ್ತಿದ್ದವು. ತೀರ್ಥೇಶ ತನ್ನ ಫೋನನ್ನು ಎಷ್ಟು ಒತ್ತಿದರೂ ಹೆಣ ಜಗ್ಗಲಿಲ್ಲ. ಕಾಲೆಳೆಯುತ್ತ ಹೋಗಿ ವೈದ್ಯೆಯ ಮದ್ದಿನ ಚೀಲ ಹೊತ್ತುಕೊಂಡು ಅವಳ ಹಿಂದೆ ನಿಂತಿತು.

"ಮದುವೆ ಆದಾಗಿಂದ," ಎಂದಳು ವಿನುತಾ, "ಕರೆದ ತಕ್ಷಣ ನೀವು ಬಂದಿದ್ದು ಇವತ್ತೇ ನೋಡಿ."