ಚಪ್ಪಲಿ ಕಳುವಿನ ದೂರು

ಊರಿನವರೆಲ್ಲರ ರಕ್ತವನ್ನು ಪರೀಕ್ಷಿಸಿದ್ದ ಸರ್ಕಾರ, ರಕ್ತದಲ್ಲೇ ಕಳ್ಳತನವಿದ್ದವರು ಪ್ರತಿ ಸೋಮವಾರ ಠಾಣೆಗೆ ಬಂದು ಸಹಿ ಹಾಕಬೇಕೆಂದು ಗೊತ್ತುಮಾಡಿತ್ತು. ನಿವೃತ್ತ ಶಿಕ್ಷಕಿ ಶಿವಗಂಗವ್ವನವರ ರಕ್ತದಲ್ಲಿ ಕಳ್ಳತನ ನೂರಕ್ಕೆ ತೊಂಬತ್ತೆರಡು. ಶಾಲೆಯ ಸೀಮೆಸುಣ್ಣದ ಚೂರನ್ನೂ ಮನೆಗೆ ಒಯ್ದವರಲ್ಲ. ಆದರೂ ಹನ್ನೊಂದು ವರ್ಷಗಳಿಂದ ತಪ್ಪದೆ ಸಹಿ ಹಾಕುತ್ತಿದ್ದರು.

ಠಾಣೆಗೆ ಹೊಸ ಟೈಲ್ಸ್ ಹಾಕಿಸಿದ ಮೇಲೆ ಎಲ್ಲರೂ ಬಾಗಿಲಲ್ಲೇ ಪಾದರಕ್ಷೆ ಬಿಡಬೇಕಿತ್ತು. ಈ ಸೋಮವಾರ ಸಹಿ ಹಾಕಿ ಹೊರಬಂದರೆ ಅವರ ಚಪ್ಪಲಿಯೇ ಇಲ್ಲ. ಮತ್ತೆ ಒಳಗೆ ಹೋಗಿ ದೂರು ಕೊಟ್ಟರು. ಹವಾಲ್ದಾರ ಮುದಕಪ್ಪ ಕಂಪ್ಯೂಟರ್ ನೋಡಿ ತಲೆ ಕೆರೆದುಕೊಂಡ.

"ಅಕ್ಕೋರ, ಈಗ ಇಲ್ಲಿರೋರೊಳಗ ಕಳ್ಳರಕ್ತ ನಿಮ್ದೊಂದ ಐತ್ರಿ. ನಾವು ಪೊಲೀಸ್ರು ಎಲ್ಲಾ ಸೊನ್ನೆ."

"ಅಂದ್ರ ನನ್ನ ಚಪ್ಪಲಿ ನಾನ ಕದ್ದೀನೇನೋ?"

"ಕಂಪ್ಯೂಟರ್ ಹಂಗ ಅಂತೈತ್ರಿ. ಒಳಗ ಹಾಕಬೇಕಾಗ್ತೈತಿ."

ಶಿವಗಂಗವ್ವ ಕನ್ನಡಕ ಸರಿಮಾಡಿಕೊಂಡರು. "ಕಳಕೊಂಡಾಕಿನೂ ನಾನ ಅಲ್ಲೇನು? ಕದ್ದಾಕಿನ್ನ ಕ್ಷಮಿಸೀನಿ ಅಂತ ಬರಕೋ."

ಮುದಕಪ್ಪ ನಿಟ್ಟುಸಿರಿಟ್ಟು ರಾಜಿಪತ್ರ ಬರೆದ. ಎರಡೂ ಕಡೆಯವರಾಗಿ ಅವರೊಬ್ಬರೇ ಸಹಿ ಹಾಕಿದರು.

ಹೊರಗೆ ಡಾಂಬರು ಕಾದಿತ್ತು. ಶಿವಗಂಗವ್ವ ಅತ್ತಿತ್ತ ನೋಡಲಿಲ್ಲ. ಬಾಗಿಲಲ್ಲಿದ್ದ ಮುದಕಪ್ಪನ ಬೂಟುಗಳಲ್ಲಿ ಕಾಲು ತೂರಿಸಿ, ಜೀವಮಾನದಲ್ಲಿ ಮೊದಲ ಸಲ ಸರ್ಕಾರದ ವಿಜ್ಞಾನವನ್ನು ನಿಜಮಾಡುತ್ತ, ಟಪ್ ಟಪ್ ಎಂದು ಮನೆಯ ಕಡೆ ನಡೆದರು.