ಬಿಸಿ ಮುದ್ದೆ, ಹುರುಳಿಕಟ್ಟಿನ ಸಾರು

ದೇವರ ದಯೆಯಿಂದ ಈಗ ನಮ್ಮ ಮನೆಯಲ್ಲಿ ಅಕ್ಕಿಗೆ ಕೊರತೆಯಿಲ್ಲ. ಆದರೂ ಹುರುಳಿ ಬೇಯುವ ವಾಸನೆ ಬಂದರೆ ನನಗೆ ಸಿಂಗಟಗೆರೆಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅಂದು ನನ್ನ ಅತ್ತೆ, ಅಪ್ಪನ ಅಕ್ಕ, ಹೇಳದೆ ಕೇಳದೆ ಕಡೂರಿನಿಂದ ಬಂದಿಳಿದಿದ್ದರು. ನಮ್ಮಲ್ಲಿ ಬೆಂದ ಹುರುಳಿ ಎತ್ತುಗಳಿಗೆ, ಬಸಿದ ಕಟ್ಟು ನಮ್ಮ ಸಾರಿಗೆ. ಅಮ್ಮ ಅದಕ್ಕೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು, ರಾಗಿಮುದ್ದೆ ಕಟ್ಟಿ, ಮೊದಲು ದೇವರ ಮುಂದಿಟ್ಟು ಕೈಮುಗಿದು, ಆಮೇಲೆ ಅತ್ತೆಗೆ ಬಡಿಸಿದಳು.

"ಏನೇ ಇದು, ದನಕ್ಕೆ ಬೇಯ್ಸಿದ್ ನೀರು ನಂಗೆ ಬಡಿಸ್ತೀಯ?" ಅತ್ತೆ ತಟ್ಟೆ ಸರಿಸಿದರು.

ಅಜ್ಜಿ ಗಾಬರಿಯಿಂದ ಅಮ್ಮನ ಸೆರಗು ಎಳೆದಳು. "ಪಕ್ಕದ್ಮನೇಲಿ ಒಂದ್ ಪಾವು ಅಕ್ಕಿ ಇಸ್ಕೊಂಡ್ ಬಾರೇ. ಮಾನ ಹೋಯ್ತದೆ."

ಅಮ್ಮ ಕದಲಲಿಲ್ಲ. "ದೇವ್ರಿಗಿಟ್ಟಿದ್ದೇ ನಿಮಗೂ ಇಟ್ಟಿದೀನಿ. ಆ ದೇವ್ರು ತಟ್ಟೆ ಸರಿಸ್ಲಿಲ್ವಲ್ಲ ಅತ್ತಿಗೆ?"

ಬಂದವರು ಉಂಡೇಳುವ ತನಕ ಹೆಂಗಸರು ತುತ್ತು ಮುಟ್ಟಬಾರದೆಂಬುದು ನಮ್ಮ ಮನೆಯ ಪದ್ಧತಿ. ಅಮ್ಮನ ಪಾಲಿಗೆ ಯಾವಾಗಲೂ ಉಳಿಯುತ್ತಿದ್ದುದು ಆರಿ ಬಿರುಕು ಬಿಟ್ಟ ಮುದ್ದೆ. ಅಂದು ಅವಳು ಅತ್ತೆಯ ಎದುರಿಗೇ ಕೂತು, ಆ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಮುದ್ದೆ ಮುರಿದಾಗ ಹಬೆ ಎದ್ದಿತು. ಸಾರಿನಲ್ಲಿ ಅದ್ದಿ ನುಂಗಿದಳು. ಖಾರಕ್ಕೆ ಮೂಗಿನ ಮೇಲೆ ಬೆವರೊಡೆಯಿತು.

"ಅಯ್ಯೋ! ನನ್ ಮುಂದೇನೇ ಉಣ್ತೀಯಾ?" ಎಂದರು ಅತ್ತೆ.

"ಆರೋಗ್ತದಲ್ಲ ಅತ್ತಿಗೆ," ಎಂದ ಅಮ್ಮ ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ಕರೆದಳು. "ಬಾರೇ ಮಗಾ. ನೀನೂ ಬಿಸಿ ಇದ್ದಾಗ್ಲೇ ಉಣ್ಣೋದು ಕಲ್ತ್ಕೋ."

ನಾನು ಹೋಗಿ ಅಮ್ಮನ ಪಕ್ಕ ಕೂತೆ.